ಓಮೆಗಾ ಕಾಕಾ

ಬೀದರಿನಲ್ಲಿ ನಾಯಿ ಸಾಕಿದವರಿಗೆ ಬಿಸಿಲಿನ ಕಾಟ, ಉಣ್ಣಿಯ ಕಾಟ, ಓಮೆಗಾ ಕಾಕಾನ ಕಾಟ. ಮೊದಲಿನ ಎರಡಕ್ಕೆ ಉಪಾಯವಿದೆ.

ಕಂಡವರ ನಾಯಿಯ ಮೈಮಿಂಚಿಗೆ ಓಮೆಗಾ ಎಣ್ಣೆಯ ಉಪದೇಶ ಕೊಡುವ ಈ ಕಾಕಾ ಊರಿಗೆ ಒಬ್ಬರೇ ಅಲ್ಲ. ನೌಬಾದಿನಲ್ಲಿ ಒಬ್ಬರಿದ್ದಾರೆ, ಗುಂಪಾ ಕಡೆ ಒಬ್ಬರು, ಶಿವನಗರದಲ್ಲಿ ಇಬ್ಬರು. ಆ ಇಬ್ಬರಿಗೂ ಈಗ ಮಾತಿಲ್ಲ, ತೆಂಗಿನೆಣ್ಣೆಯ ವಿಷಯಕ್ಕೆ ಜಗಳವಾಗಿದೆ. ನಾನಿಲ್ಲಿ ಎಲ್ಲರನ್ನೂ ಕಲಸಿ ಒಬ್ಬರನ್ನಾಗಿ ಮಾಡಿದ್ದೇನೆ. ಓದಿದವರಲ್ಲಿ ಯಾರಿಗಾದರೂ ಇದು ನಾನೇ ಅನ್ನಿಸಿದರೆ ಹೊಣೆ ನನ್ನದಲ್ಲ.

ಕಾಕಾನ ಪೂರ್ವಚರಿತ್ರೆ ಎಲ್ಲೆಡೆ ಒಂದೇ. ಸರಕಾರಿ ನೌಕರಿ ಮುಗಿದಿದೆ. ಮಗ ಕಾಲೇಜಿನಲ್ಲಿದ್ದಾಗ ಹಟ ಹಿಡಿದು ಲ್ಯಾಬ್ರಡಾರ್ ಮರಿ ತಂದ, ಸುಲ್ತಾನ ಅಂತ ಹೆಸರಿಟ್ಟ, ಆಮೇಲೆ ನೌಕರಿ ಸಿಕ್ಕು ಹೈದರಾಬಾದಿಗೆ ಹೋದ. ಸುಲ್ತಾನ ಇಲ್ಲೇ ಉಳಿದ. ಮೊದಲ ವರ್ಷ "ಈ ಪೀಡಾ ಯಾರ್ ನೋಡ್ಕೋಬೇಕ್ರಿ" ಎಂದು ಬೈಯುತ್ತಿದ್ದ ಕಾಕಾ, ಎರಡನೆಯ ವರ್ಷಕ್ಕೆ ಅದರ ಕೂದಲು ಉದುರಿದ ಲೆಕ್ಕ ಇಡತೊಡಗಿದರು. ಮಗನ ಫೋನು ಬಂದರೆ ಈಗ ಮೊದಲ ಹತ್ತು ನಿಮಿಷ ಸುಲ್ತಾನನ ಚರ್ಮದ ಸುದ್ದಿ. ಸೊಸೆ ಬಸುರಿ ಅನ್ನುವ ಸಮಾಚಾರ ಕಾಕಾಗೆ ಹನ್ನೊಂದನೆಯ ನಿಮಿಷದಲ್ಲಿ ಗೊತ್ತಾಯಿತಂತೆ.

ಬೆಳಗಿನ ವಾಕಿಂಗಿನಲ್ಲಿ ಇವರನ್ನು ಗುರುತಿಸುವುದು ಸುಲಭ. ಎದುರಿಗೆ ಬಂದವರ ಮುಖ ನೋಡುವುದಿಲ್ಲ, ನೇರ ನಾಯಿಯ ಬೆನ್ನಿಗೆ ಕೈ ಹಾಕುತ್ತಾರೆ. ಬಾಲದ ಬುಡದಿಂದ ಕುತ್ತಿಗೆಯ ಕಡೆಗೆ ಕೂದಲನ್ನು ಎದುರು ಸವರುತ್ತಾರೆ. ಬೆರಳಿಗೆ ಬಂದ ಹೊಟ್ಟನ್ನು ಬಿಸಿಲಿಗೆ ಹಿಡಿದು ನೋಡುತ್ತಾರೆ. ಆಮೇಲೆ ವಿಚಾರಣೆ.

"ಏನ್ ಹಾಕ್ಲಾಕತ್ತೀರಿ ಇದಕ್ಕ?"

"ರೊಟ್ಟಿ, ಹಾಲು. ಒಮ್ಮೊಮ್ಮಿ ತತ್ತಿ, ಕಾಕಾ."

"ತತ್ತಿ ಹಸೀದೋ, ಕುದಿಸಿದ್ದೋ?"

"ಹಸೀದೇ. ಶಕ್ತಿ ಇರ್ತದಂತ..."

"ಹೋಯ್ತು! ಬಯೋಟಿನ್ ಪೂರಾ ಹೋಯ್ತು ನೋಡ್ರಿ."

ಇಲ್ಲಿ ಕಾಕಾ ಹೇಳಿದ್ದು ಸುಳ್ಳಲ್ಲ. ಹಸಿ ಮೊಟ್ಟೆಯ ಬಿಳಿ ಲೋಳೆಯಲ್ಲಿ ಅವಿಡಿನ್ ಎಂಬ ಪ್ರೋಟೀನ್ ಇದೆ. ಅದು ಕೂದಲಿಗೂ ಚರ್ಮಕ್ಕೂ ಬೇಕಾದ ಬಯೋಟಿನ್ನನ್ನು ಹಿಡಿದುಕೊಂಡುಬಿಡುತ್ತದೆ. ಕುದಿಸಿದರೆ ಅವಿಡಿನ್ನಿನ ಆಟ ಮುಗಿಯಿತು. ಆದರೆ ಒಮ್ಮೊಮ್ಮೆ ಒಂದು ಹಸಿ ಮೊಟ್ಟೆ ತಿಂದ ನಾಯಿಯ ಬಯೋಟಿನ್ ಪೂರಾ ಹೋಗುವುದಿಲ್ಲ. ಹಳದಿಯಲ್ಲೇ ಬೇಕಾದಷ್ಟಿರುತ್ತದೆ. ಕಾಕಾನ ಮಾತಿನಲ್ಲಿ ಅರ್ಧ ಖರೆ ಇರುತ್ತದೆ, ಗೋಳು ಅದೇ. ಎಲ್ಲವೂ ಸುಳ್ಳಾಗಿದ್ದರೆ ಊರು ಇಷ್ಟೊತ್ತಿಗೆ ಅವರನ್ನು ಬಿಟ್ಟುಬಿಡುತ್ತಿತ್ತು.

ಮೈಯ ಮಿಂಚಿನ ಈ ಹುಚ್ಚು ನಾಯಿಯಿಂದ ಬಂದದ್ದಲ್ಲ, ಪಿತ್ರಾರ್ಜಿತ. ಕಾಕಾನ ಮೂಲ ಔರಾದ ಸೀಮೆ. ಅವರ ಅಪ್ಪ ಅಮರೇಶ್ವರ ಜಾತ್ರೆಯ ದನದ ಬಜಾರಿನಲ್ಲಿ ದೇವಣಿ ಎತ್ತಿನ ಪಕ್ಕೆಯ ತೊಗಲನ್ನು ಎರಡು ಬೆರಳಲ್ಲಿ ಎಳೆದು ಬಿಡುತ್ತಿದ್ದರಂತೆ. ತೊಗಲು ಚಟ್ಟನೆ ಹಿಂದಕ್ಕೆ ಹೋಗಿ ಕೂತರೆ ರೇಟು ಮಾತಾಡುವುದು, ತಡ ಮಾಡಿದರೆ ಮುಂದಿನ ಜೋಡಿಗೆ ಹೋಗುವುದು. ಕೊಂಡ ಎತ್ತಿಗೆ ಅಗಸಿ ಹಿಂಡಿ ತಿನ್ನಿಸಿ, ಕಾರಹುಣ್ಣಿಮೆ ಹೊತ್ತಿಗೆ ಮೈಮೇಲೆ ನೊಣ ಕೂತರೆ ಜಾರುವ ಹಾಗೆ ಮಾಡುತ್ತಿದ್ದರು. ಈ ವಿದ್ಯೆಯೆಲ್ಲ ಮಗನಿಗೆ ಬಂದಿದೆ. ಎತ್ತು ಮಾತ್ರ ಬಂದಿಲ್ಲ, ಅದರ ಬದಲಿಗೆ ಸುಲ್ತಾನ ಸಿಕ್ಕಿದ್ದಾನೆ.

ಅಪ್ಪನ ಲೆಕ್ಕದಲ್ಲೇ ಕಾಕಾ ಶುರು ಮಾಡಿದ್ದು. ಎತ್ತಿಗೆ ಅಗಸಿ ಆಗುವುದಾದರೆ ನಾಯಿಗೆ ಯಾಕಾಗಬಾರದು ಅಂತ, ಅಡುಗೆಮನೆಯಲ್ಲಿ ಊಟಕ್ಕೆಂದು ಕುಟ್ಟಿಟ್ಟಿದ್ದ ಅಗಸಿ ಹಿಂಡಿಯನ್ನೇ ಎರಡು ಚಮಚ ಸುಲ್ತಾನನ ತಟ್ಟೆಗೆ ಸುರಿದರು. ಕಾಕಿ ಅದಕ್ಕೆ ಬ್ಯಾಡಗಿ ಮೆಣಸಿನಕಾಯಿ, ಉಪ್ಪು, ಬೆಳ್ಳುಳ್ಳಿ ಎಲ್ಲ ಹಾಕಿ ಕುಟ್ಟಿದ್ದರು. ಸುಲ್ತಾನ ಆ ದಿನವೆಲ್ಲ ನೀರಿನ ಬಕೆಟ್ಟಿನ ಹತ್ತಿರವೇ ಇದ್ದ. ಬೆಳ್ಳುಳ್ಳಿ, ಉಳ್ಳಾಗಡ್ಡಿ ಎರಡೂ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುವ ವಸ್ತುಗಳು. ಅಷ್ಟು ಸ್ವಲ್ಪದರಲ್ಲಿ ಮುಗಿದದ್ದು ನಾಯಿಯ ಪುಣ್ಯ. ಬರಿಯ ಅಗಸಿ ಹಾಕಿದ್ದರೂ ಕಾಕಾ ಎಣಿಸಿದಷ್ಟು ಲಾಭವಿರಲಿಲ್ಲ. ಅಗಸಿಯಲ್ಲಿರುವ ಓಮೆಗಾ-3 ಒಂದು ಬಗೆಯದು, ಉರಿಯೂತ ತಗ್ಗಿಸಲು ಚರ್ಮಕ್ಕೆ ಬೇಕಾದದ್ದು ಮೀನಿನಲ್ಲಿರುವ ಬಗೆಯದು. ಮೊದಲಿನದನ್ನು ಎರಡನೆಯದಾಗಿ ಮಾಡಿಕೊಳ್ಳುವ ಕೆಲಸದಲ್ಲಿ ನಾಯಿಯ ದೇಹ ಬಹಳ ಆಲಸಿ.

ಈ ಸಂಗತಿ ತಿಳಿದ ದಿನ ಕಾಕಾನ ಮನೆಗೆ ಮೀನೆಣ್ಣೆ ಬಂತು. ಮನೆಗೆ ಅನ್ನುವುದು ತಪ್ಪು, ಅಂಗಳಕ್ಕೆ ಬಂತು. ಕಾಕಿ ಬಾಗಿಲಲ್ಲಿ ನಿಂತು ಹೇಳಿದ್ದು ಒಂದೇ ಮಾತು: "ಲಿಂಗಪೂಜಿ ಆಗೋ ಮನ್ಯಾಗ ಮೀನದ ಬಾಟ್ಲಿ ಬಂದ್ರ ನಾ ತವರಮನಿಗಿ ಹೋಗ್ತಾ." ಬಾಟಲಿಯ ಮೇಲೆ 'ತೆರೆದ ಮೇಲೆ ಫ್ರಿಜ್ಜಿನಲ್ಲಿಡಿ' ಎಂದು ಬರೆದಿತ್ತು. ಫ್ರಿಜ್ಜು ಕಾಕಿಯ ರಾಜ್ಯದಲ್ಲಿತ್ತು. ಕೊನೆಗೆ ಸಾಲ್ಮನ್ ಎಣ್ಣೆಗೆ ಹೊರಗೋಡೆಯ ಕರೆಂಟ್ ಮೀಟರಿನ ಪೆಟ್ಟಿಗೆಯೊಳಗೆ ಜಾಗ ಸಿಕ್ಕಿತು. ಬೀದರಿನ ಮೇ ತಿಂಗಳಲ್ಲಿ ನೆರಳಿನಲ್ಲೇ 40 ಡಿಗ್ರಿ ದಾಟುತ್ತದೆ. ತಗಡಿನ ಪೆಟ್ಟಿಗೆಯೊಳಗೆ ಎಷ್ಟೋ ದೇವರೇ ಬಲ್ಲ. ಮೀಟರ್ ಓದಲು ಬಂದ ಹುಡುಗ ಪೆಟ್ಟಿಗೆ ತೆಗೆದು, ಮೂಗು ಮುಚ್ಚಿಕೊಂಡು, "ಒಳಗ ಏನರ ಸತ್ತದೇನ್ರಿ?" ಎಂದು ಕೇಳಿದನಂತೆ.

ಇಷ್ಟೆಲ್ಲ ಮಾಡುವ ಕಾಕಾ ಗಾಣದ ಕುಸುಬಿ ಎಣ್ಣೆಯನ್ನು ಮಾತ್ರ ಕಣ್ಣೆತ್ತಿಯೂ ನೋಡಿರಲಿಲ್ಲ. ನಾಯಿಯ ಕೂದಲಿಗೆ ಮಿಂಚು ಕೊಡುವ ಲಿನೋಲಿಕ್ ಆಮ್ಲ ಕುಸುಬಿ ಎಣ್ಣೆಯಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲಿದೆ. ನಾಯಿಯ ದೇಹ ಅದನ್ನು ತಾನೇ ತಯಾರಿಸಲಾರದು, ಅನ್ನದಲ್ಲೇ ಬರಬೇಕು. ನಮ್ಮ ಕಡೆಯ ಹೊಲದಲ್ಲಿ ಬೆಳೆಯುವ ಕುಸುಬಿಯ ಎಣ್ಣೆ ಒಂದು ಚಮಚ ಊಟಕ್ಕೆ ಬೆರೆಸಿದರೆ ಬಹಳ ಮಟ್ಟಿಗೆ ಕೆಲಸವಾಗುತ್ತದೆ. ಆದರೆ ಅದು ಅಗ್ಗ, ಅದಕ್ಕೆ ಡಬ್ಬಿ ಇಲ್ಲ, ಡಬ್ಬಿಯ ಮೇಲೆ ನಗುವ ನಾಯಿಯ ಚಿತ್ರವಿಲ್ಲ. ಇನ್ನು ಪ್ರೋಟೀನಿನ ಮಾತು ಎತ್ತಿದರಂತೂ ಕಾಕಾ ಆಕಳಿಸುತ್ತಾರೆ. ಕೂದಲೆಂದರೆ ಪ್ರೋಟೀನೇ, ನಾಯಿ ತಿಂದ ಪ್ರೋಟೀನಿನಲ್ಲಿ ಕಾಲುಭಾಗಕ್ಕೂ ಹೆಚ್ಚು ಚರ್ಮಕ್ಕೂ ಕೂದಲಿಗೂ ಹೋಗಬಹುದು. ಬರೇ ಜೋಳದ ರೊಟ್ಟಿಯಲ್ಲಿ ಬದುಕುವ ನಾಯಿಗೆ ಯಾವ ಕ್ಯಾಪ್ಸೂಲು ಹಾಕಿದರೂ ಮೈ ತುಂಬುವುದಿಲ್ಲ. ಆದರೆ ಕುದಿಸಿದ ಮೊಟ್ಟೆಯ ಬಗ್ಗೆ ವಾಕಿಂಗಿನಲ್ಲಿ ಅರ್ಧ ಗಂಟೆ ಭಾಷಣ ಮಾಡಲು ಆಗುತ್ತದೆಯೆ?

ಕಾಕಾನ ಕೀರ್ತಿ ಜಿಲ್ಲೆಗೆಲ್ಲ ಹಬ್ಬಿದ್ದು ಭಾಲ್ಕಿಯ ಪ್ರಕರಣದಿಂದ. ಅಲ್ಲಿ ಅವರ ತಂಗಿಯ ಮನೆ. ತಂಗಿಯ ಮಗ ಕಬ್ಬಿನ ಬಿಲ್ಲು ಬಂದ ಹುರುಪಿನಲ್ಲಿ ಸೈಬೀರಿಯನ್ ಹಸ್ಕಿ ತಂದಿದ್ದ. ಹಿಮದಲ್ಲಿ ಬಂಡಿ ಎಳೆಯುವ ಜಾತಿಯ ನಾಯಿ ಭಾಲ್ಕಿಯ ಓಣಿಯಲ್ಲಿ ಕೂಲರಿನ ಮುಂದೆ ಮಲಗಿ ಜೋಳದ ರೊಟ್ಟಿ, ಹಾಲು ತಿಂದು ಬದುಕಿತ್ತು. ಮೂರು ನಾಲ್ಕು ತಿಂಗಳಲ್ಲಿ ಅದರ ಕಣ್ಣ ಸುತ್ತ, ಮೂಗಿನ ಮೇಲೆ ಕೂದಲು ಹೋಗಿ ಹಕ್ಕಳೆ ಕಟ್ಟತೊಡಗಿತು. ಕಾಕಾಗೆ ಬುಲಾವು ಹೋಯಿತು. ಕಾಕಾ ರೈಲು ಹತ್ತಿ ಹೋದರು, ಕೈಚೀಲದಲ್ಲಿ ಕ್ಯಾಲ್ಸಿಯಂ ಸಿರಪ್ಪಿತ್ತು.

ಕ್ಯಾಲ್ಸಿಯಂ ಶುರುವಾದ ಮೇಲೆ ಹಕ್ಕಳೆ ಇನ್ನಷ್ಟಾಯಿತು. ಕೊನೆಗೆ ಹುಡುಗ ಬೀದರಿಗೆ ತಂದು ಡಾಕ್ಟರಿಗೆ ತೋರಿಸಿದ. ಚರ್ಮದ ಚೂರು ತೆಗೆದು ಪರೀಕ್ಷೆಗೆ ಕಳಿಸಿದಾಗ ಸಿಕ್ಕಿದ್ದು ಜಸ್ತದ, ಅಂದರೆ ಸತುವಿನ, ಕೊರತೆ. ಹಸ್ಕಿಗಳಲ್ಲಿ ಕೆಲವು ಹುಟ್ಟಿನಿಂದಲೇ ಜಸ್ತವನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಮೇಲೆ ಜೋಳದಂಥ ಕಾಳಿನಲ್ಲಿರುವ ಫೈಟೇಟು ಇದ್ದಬದ್ದ ಜಸ್ತವನ್ನೂ ಹೊಟ್ಟೆಯಲ್ಲೇ ಕಟ್ಟಿಹಾಕುತ್ತದೆ. ಕ್ಯಾಲ್ಸಿಯಂ ಹೆಚ್ಚಾದರೆ ಅದೂ ಅಡ್ಡ ನಿಲ್ಲುತ್ತದೆ. ಅಂದರೆ ಆ ಮನೆಯಲ್ಲಿ ನಾಯಿಯ ಮೇಲೆ ರೊಟ್ಟಿ, ಹಾಲು, ಮಾವ ಮೂವರೂ ಕೂಡಿ ದಾಳಿ ಮಾಡಿದ್ದರು.

ಬೇರೆಯವರಾಗಿದ್ದರೆ ಸುಮ್ಮನಾಗುತ್ತಿದ್ದರು. ಕಾಕಾಗೆ ಜಸ್ತ ಅಂದ ಕೂಡಲೆ ಹೊಸ ಬೆಳಕು ಕಂಡಿತು.

"ಅಲ್ಲ ತಂಗೀ, ಬಿದ್ರಿ ಸಾಮಾನು ಯಾದರದು? ಜಸ್ತದ್ದು! ಜಗತ್ತಿಗೆಲ್ಲ ಜಸ್ತದ ಹೂಜಿ ಮಾಡಿ ಕಳಿಸೋ ಜಿಲ್ಲಾದಾಗ ನಮ್ಮ ನಾಯಿಗೇ ಜಸ್ತ ಕಡಿಮಿ ಅಂದ್ರ ನಾಚ್ಕಿ ಬರಬೇಕು."

ಮಾಹಿತಿ ಸರಿಯೇ. ಬಿದ್ರಿಯ ಎರಕದಲ್ಲಿ ಬಹುಪಾಲು ಜಸ್ತ, ಸ್ವಲ್ಪ ತಾಮ್ರ. ಅದರ ಮೇಲೆ ಬೆಳ್ಳಿ ಕೂಡಿಸಿ, ಬೀದರ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ತಿಕ್ಕಿದಾಗ ಆ ಕಪ್ಪು ಬರುತ್ತದೆ. ಕಾಕಾ ಷೋಕೇಸಿನಲ್ಲಿದ್ದ ಬಿದ್ರಿ ಬಟ್ಟಲನ್ನು ಇಳಿಸಿ, ರಾತ್ರಿ ಅದರಲ್ಲಿ ಹುಳಿ ಮಜ್ಜಿಗೆ ಹಾಕಿಟ್ಟು, ಬೆಳಿಗ್ಗೆ ನಾಯಿಗೆ ಕುಡಿಸುವ ಯೋಜನೆ ಮಾಡಿದರು. ಹುಳಿಗೆ ಜಸ್ತ ಕರಗುತ್ತದೆ, ಅದೂ ಸರಿಯೇ. ಆದರೆ ಹೀಗೆ ಅಳತೆಯಿಲ್ಲದೆ ಜಸ್ತ ಹೊಟ್ಟೆಗೆ ಹೋದರೆ ನಾಯಿಯ ರಕ್ತಕಣಗಳು ಒಡೆಯುತ್ತವೆ, ಜೀವಕ್ಕೇ ಬರಬಹುದು. ನಾಯಿಯನ್ನು ಉಳಿಸಿದ್ದು ಕಾಕಾನ ತಂಗಿ. ಅವರಿಗೆ ರಸಾಯನಶಾಸ್ತ್ರ ಗೊತ್ತಿರಲಿಲ್ಲ. "ಅಣ್ಣಾ, ಅದು ನನ್ ಮದುವ್ಯಾಗ ಬಂದ ಬಟ್ಟಲ. ನಾಯಿ ಬಾಯಿ ಹಾಕಿದ್ರ ನಾ ಸುಮ್ಕ ಇರಂಗಿಲ್ಲ" ಎಂದು ಕಸಿದುಕೊಂಡು ಷೋಕೇಸಿಗೆ ಬೀಗ ಹಾಕಿದರು. ಡಾಕ್ಟರು ತೂಕಕ್ಕೆ ತಕ್ಕಂತೆ ಬರೆದುಕೊಟ್ಟ ಜಸ್ತದ ಗುಳಿಗೆಯನ್ನು ಊಟದ ಜೊತೆ ತಿಂದು, ಸಿರಪ್ಪು ಬಿಟ್ಟು, ಕೆಲವು ವಾರಗಳಲ್ಲಿ ನಾಯಿ ಮುಖ ತೊಳೆದುಕೊಂಡ ಹಾಗಾಯಿತು. ಭಾಲ್ಕಿಯಲ್ಲಿ ಈಗಲೂ ಅದು ಕಾಕಾನ ಕೈಗುಣ ಎಂದೇ ಪ್ರಸಿದ್ಧಿ.

ಇತ್ತ ಸುಲ್ತಾನನ ಕಥೆ ಮುಂದುವರಿದಿತ್ತು. ತನ್ನ ಬಾಲದ ಬುಡ ಕಡಿದುಕೊಳ್ಳುವ ಚಟ ಅವನಿಗೆ ಹತ್ತಿತ್ತು, ಅದು ನಿಂತಿರಲಿಲ್ಲ. ಮೀಟರ್ ಪೆಟ್ಟಿಗೆಯ ಎಣ್ಣೆ, ಕಾಡ್ ಲಿವರ್ ಕ್ಯಾಪ್ಸೂಲು, ಬಯೋಟಿನ್ ಗುಳಿಗೆ, ತೆಂಗಿನೆಣ್ಣೆ ಸರತಿಯಲ್ಲಿ ಬಂದುಹೋದವು. ಎಂಟು ದಿನಕ್ಕೊಂದು ಬದಲು. ಕೊನೆಗೆ ಕಾಕಿಯೇ ಆಟೋ ಕರೆದು, ಕಾಕಾ ಮತ್ತು ಸುಲ್ತಾನ ಇಬ್ಬರನ್ನೂ ನಂದಿನಗರಕ್ಕೆ ಕಳಿಸಿದರು. ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯ ಬೆಂಗಳೂರಿನಲ್ಲಿಲ್ಲ, ನಮ್ಮ ಬೀದರಿನ ಈ ನಂದಿನಗರದಲ್ಲಿದೆ. ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿರುವ ಮುಧೋಳ ನಾಯಿಯ ಸಂಶೋಧನಾ ಕೇಂದ್ರವೂ ಇದಕ್ಕೇ ಸೇರಿದ್ದು. ಕಾಕಾ ಇದನ್ನು ಅಭಿಮಾನದಿಂದ ಎಲ್ಲರಿಗೂ ಹೇಳುತ್ತಾರೆ. ಒಳಗೆ ಹೋಗಿದ್ದು ಇದೇ ಮೊದಲು.

ಅಲ್ಲಿ ಮೊಮ್ಮಗಳ ವಯಸ್ಸಿನ ಡಾಕ್ಟರಮ್ಮ. ಕಾಕಾ ಅರ್ಧ ಗಂಟೆ ಓಮೆಗಾ ವಿಚಾರ ಬೋಧಿಸಿದರು. ಆಕೆ ಹೂಂಗುಡುತ್ತಲೇ ಸಣ್ಣ ಹಲ್ಲಿನ ಬಾಚಣಿಕೆಯಿಂದ ಸುಲ್ತಾನನ ಬಾಲದ ಬುಡ ಬಾಚಿದರು. ಬಂದ ಕೂದಲು, ಹೊಟ್ಟು, ಕರೀ ಪುಡಿ ಎಲ್ಲವನ್ನೂ ಬಿಳಿ ಕಾಗದದ ಮೇಲೆ ಉದುರಿಸಿ, ಹತ್ತಿಯಿಂದ ಎರಡು ಹನಿ ನೀರು ಹಿಂಡಿದರು. ಕರೀ ಪುಡಿಯ ಸುತ್ತ ಮೆಲ್ಲಗೆ ಕೆಂಪು ಬಣ್ಣ ಹರಡಿತು.

"ಏನ್ರೀ ಇದು?"

"ರಕ್ತ, ಕಾಕಾ. ಚಿಗಟ ನಿಮ್ಮ ನಾಯಿ ರಕ್ತ ಕುಡಿದು ಹಾಕಿದ ಹಿಕ್ಕಿ. ಮಣ್ಣಾಗಿದ್ರ ಕೆಂಪಾಗ್ತಿರಲಿಲ್ಲ."

"ಆದ್ರ ಚಿಗಟ ಒಂದೂ ಕಂಡಿಲ್ಲಲ್ರೀ!"

"ಹೆಂಗ ಕಾಣತಾವ? ಕಡಕೊಂಡು ತಿಂದಬಿಡ್ತದ. ಇದಕ್ಕ ಚಿಗಟದ ಅಲರ್ಜಿ. ನಾಕೈದು ಕಡಿದ್ರ ಸಾಕು, ದಿನಗಟ್ಟಲೆ ತುರಿಸ್ತದ."

ಪಿಂಚಣಿಯ ದೊಡ್ಡ ಪಾಲು ಸಾಲ್ಮನ್ ಮೀನಿಗೆ ಹೋಗಿದ್ದು ಒಂದು ಚಿಗಟದ ಸಲುವಾಗಿ ಎಂದು ತಿಳಿದಾಗ ಕಾಕಾನ ಮುಖ ನೋಡಬೇಕಿತ್ತು ಎಂದು ಆಟೋದವನು ಇವತ್ತಿಗೂ ಹೇಳುತ್ತಾನೆ. ಡಾಕ್ಟರಮ್ಮ ಚಿಗಟದ ಔಷಧಿ ಬರೆದರು, ಹಾಸಿಗೆಯ ಗೋಣಿಚೀಲ ಬಿಸಿನೀರಲ್ಲಿ ಒಗೆಯಲು ಹೇಳಿದರು. ಕಾಡ್ ಲಿವರ್ ಎಣ್ಣೆಯಲ್ಲಿ ಎ ಮತ್ತು ಡಿ ಜೀವಸತ್ವ ವಿಪರೀತ, ಬಿಡಿಸಿರಿ ಎಂದರು. ಊಟ ಒಂದೇ ಥರ ಇಟ್ಟು, ಎಣ್ಣೆ ಒಂದೇ ಥರ ಕೊಟ್ಟು, ಎಂಟು ವಾರ ಕಾಯಿರಿ ಎಂದರು. ಚರ್ಮದ ತಳದಲ್ಲಿ ಹುಟ್ಟಿದ ಜೀವಕೋಶ ಮೇಲೆ ಬರಲಿಕ್ಕೇ ಸುಮಾರು ಮೂರು ವಾರ ಬೇಕು. ಎಂಟು ದಿನಕ್ಕೊಂದು ಡಬ್ಬಿ ಬದಲಿಸಿದರೆ ಯಾವುದು ನಾಟಿತು, ಯಾವುದು ನಾಟಲಿಲ್ಲ ಎಂದು ಯಾರು ಹೇಳಬೇಕು?

ಎಂಟು ವಾರ! ಕಾಕಾ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡರು. ಹತ್ತನೆಯ ದಿನ ಸುಲ್ತಾನ ತುರಿಸಿಕೊಳ್ಳುವುದು ನಿಂತಿತು. ಹನ್ನೊಂದನೆಯ ದಿನ ಕಾಕಾ ವಾಕಿಂಗಿಗೆ ಬಂದು, ಎದುರಿಗೆ ಸಿಕ್ಕ ಎಲ್ಲ ನಾಯಿಗಳ ಬಾಲದ ಬುಡಕ್ಕೆ ಒದ್ದೆ ಹತ್ತಿ ಹಿಡಿಯತೊಡಗಿದರು. ಮನುಷ್ಯ ಬದಲಾಗಲಿಲ್ಲ, ಸಿದ್ಧಾಂತ ಬದಲಾಯಿತು. ಆದರೂ ಇದು ಪ್ರಗತಿಯೇ, ಒದ್ದೆ ಹತ್ತಿಯಿಂದ ಯಾವ ನಾಯಿಗೂ ಭೇದಿಯಾಗುವುದಿಲ್ಲ. ಎಳ್ಳ ಅಮಾಸಿಗೆ ಔರಾದಿನ ಹೊಲಕ್ಕೆ ಹೋದಾಗ ಬಜ್ಜಿ, ಅಂಬಲಿ ಪಕ್ಕಕ್ಕಿಟ್ಟು ಅಲ್ಲಿಯ ಕಾವಲು ನಾಯಿಯನ್ನೂ ಬಾಚಲು ಹೋಗಿದ್ದರಂತೆ. ಅದು ಕಡಿಯಿತು. ಗಾಯ ಸಾಬೂನು ನೀರಲ್ಲಿ ತೊಳೆದು ಹುಚ್ಚುನಾಯಿ ಕಡಿತದ ಇಂಜೆಕ್ಷನ್ನಿನ ಕೋರ್ಸನ್ನು ಕಾಕಾ ಒಂದು ದಿನವೂ ತಪ್ಪಿಸದೆ ಮುಗಿಸಿದರು. ಔಷಧಿಯನ್ನು ಹೇಳಿದ ಹಾಗೆ ಪೂರ್ತಿ ಮಾಡಿದ್ದು ಜೀವಮಾನದಲ್ಲೇ ಮೊದಲ ಸಲ ಎಂದು ಕಾಕಿಯ ಟೀಕೆ.

ಬೀದರಿನ ನಾಯಿವಂತರಲ್ಲಿ ನನ್ನದೊಂದು ವಿನಂತಿ. ಮೀಟರ್ ಪೆಟ್ಟಿಗೆ ಖಾಲಿ ಮಾಡುವಾಗ ಕಾಕಾ ಉಳಿದ ಬಾಟಲಿಗಳನ್ನು ಚೆಲ್ಲಲು ಮನಸ್ಸಾಗದೆ ಓಣಿಗೆಲ್ಲ ದಾನ ಮಾಡಿದ್ದಾರೆ. ನಿಮ್ಮ ಮನೆಗೂ ಒಂದು ಬಂದಿರಬಹುದು. ಮುಚ್ಚಳ ತೆಗೆದು ಮೂಸಿ ನೋಡಿ. ಕಮಟು ವಾಸನೆ ಬಂದರೆ ನಾಯಿಗೆ ಹಾಕಬೇಡಿ, ಕೆಟ್ಟ ಎಣ್ಣೆ ಮೈಯಲ್ಲಿದ್ದ ಇ ಜೀವಸತ್ವವನ್ನೂ ತಿಂದುಹಾಕುತ್ತದೆ. ಕಾಕಾ ಕೇಳಿದರೆ ಮುಗೀತು ಅನ್ನಿ. ಚಲೋ ಆಯ್ತು ಅಂತ ಮಾತ್ರ ಅನ್ನಬೇಡಿ, ಇನ್ನೊಂದು ತರಿಸಿಕೊಡುತ್ತಾರೆ.