ಅಂಗಿ ಜೇಬಿನ ಕ್ಯಾಮೆರಾ

ಬೆಂಗಳೂರಿನಲ್ಲಿ ಕ್ಯಾಮೆರಾ ಕೊಂಡವರು ಒಂದಲ್ಲ ಒಂದು ಭಾನುವಾರ ಕೆ.ಆರ್. ಮಾರ್ಕೆಟ್ಟಿಗೆ ಹೋಗಲೇಬೇಕು, ಹೊಸ ಮದುಮಕ್ಕಳು ಮನೆದೇವರಿಗೆ ಹೋದ ಹಾಗೆ. ಮಹಡಿಯ ಕಂಬಿಗೆ ಒರಗಿ ಕೆಳಗಿನ ಚೆಂಡುಹೂವಿನ ರಾಶಿಗಳನ್ನು ತೆಗೆದುಕೊಂಡರೆ ಹರಕೆ ಸಂದಿತು. ಆ ಫೋಟೋ ಇಲ್ಲದ ಛಾಯಾಗ್ರಾಹಕ ಈ ಊರಲ್ಲಿ ಸಿಗುವುದು ಕಷ್ಟ.

ನಮ್ಮ ಫೋಟೋ ವಾಕ್ ಕೂಡ ಅಲ್ಲಿಗೇ. ಮಿಕ್ಕವರೆಲ್ಲ ಕತ್ತು ಬಗ್ಗಿಸುವಂಥ ಲೆನ್ಸು ಹೊತ್ತು ಬಂದಿದ್ದರು. ನನ್ನ ಜೇಬಿನಲ್ಲಿದ್ದದ್ದು ಭಾವಮೈದುನನಿಂದ ಎರವಲು ತಂದ ರಿಕೋ ಜಿಆರ್ 3. ಬ್ಯಾಟರಿ ಸೇರಿಸಿ 257 ಗ್ರಾಂ. ಜೂಮ್ ಇಲ್ಲ, ಕಣ್ಣಿಟ್ಟು ನೋಡುವ ಕಿಂಡಿಯೂ ಇಲ್ಲ. ಆದರೆ ಒಳಗಿನ ಸೆನ್ಸರ್ ಮಾತ್ರ ಅನೇಕ ಡಿಎಸ್‌ಎಲ್‌ಆರ್‌ಗಳಲ್ಲಿರುವ ಎಪಿಎಸ್-ಸಿ ಗಾತ್ರದ್ದೇ. ಇದನ್ನು ನಾನು ಕೇಳಿದವರಿಗೂ ಹೇಳಿದೆ, ಕೇಳದವರಿಗೂ ಹೇಳಿದೆ.

ಮಲ್ಲಿಗೆ ಕಟ್ಟುತ್ತಿದ್ದ ಅಜ್ಜಿಯೊಬ್ಬರು ಕೇಳಿದರು: "ಏನ್ ಸಾರ್ ಅದು, ಮೊಬೈಲಾ?"

"ಅಲ್ಲಮ್ಮ, ಕ್ಯಾಮೆರಾನೇ."

"ಅವರ್ದೆಲ್ಲ ದೊಡ್ಡದೈತೆ, ನಿಮ್ದ್ಯಾಕೆ ಇಷ್ಟೇ?" ದನಿಯಲ್ಲಿ ಅನುಕಂಪವಿತ್ತು.

ಅನುಕಂಪದಿಂದ ಲಾಭವೂ ಆಯಿತು. ದೊಡ್ಡ ಲೆನ್ಸು ತಿರುಗಿದ ಕಡೆಯೆಲ್ಲ ಜನ ಕೂದಲು ಸರಿಮಾಡಿಕೊಂಡು ಪಾಸ್‌ಪೋರ್ಟ್ ಫೋಟೋದ ಮುಖ ಮಾಡುತ್ತಿದ್ದರು. ನನ್ನ ಮುಂದೆ ಅಜ್ಜಿಯ ಕೈ ನಿಲ್ಲಲೇ ಇಲ್ಲ: ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ, ನಡುವೆ ದಾರದ ಸುತ್ತು, ಹೆಬ್ಬೆರಳಿನ ಒಂದು ಒತ್ತು. ಗಿರಾಕಿ ಬಂದರೆ ಮೊಣಕೈಯಿಂದ ಬೆರಳತುದಿಗೆ ಒಂದು ಮೊಳ. ಕೈ ಗಿಡ್ಡವೆಂದು ತಕರಾರು ಎತ್ತಿದವಳಿಗೆ, "ಉದ್ದ ಕೈಯವರ ಹತ್ರ ತಗೊಳವ್ವ" ಎಂದು ಉತ್ತರ.

ಇಲ್ಲಿ ಫೋಕಸ್ ಹುಡುಕುತ್ತ ಕೂತರೆ ಕೆಲಸ ಕೆಟ್ಟಿತು. ಈ ಕ್ಯಾಮೆರಾದಲ್ಲಿ ದೂರವನ್ನು ಮೊದಲೇ ಒಂದೂವರೆ ಮೀಟರಿಗೆ ನಿಗದಿ ಮಾಡಿಡಬಹುದು. ಎಫ್ 8ರಲ್ಲಿ ಸುಮಾರು ಒಂದರಿಂದ ನಾಲ್ಕು ಮೀಟರಿನವರೆಗೆ ಎಲ್ಲವೂ ಸ್ಪಷ್ಟ. ಗುಂಡಿ ಒತ್ತಿದರೆ ಮುಗಿಯಿತು. ಒಳಗಿನ ಮಬ್ಬಿನಲ್ಲಿ ಐಎಸ್‌ಒ ಏರಿಸಬೇಕಾಗಿ ಚಿತ್ರ ಕಾಳುಕಾಳಾಗುತ್ತದೆ, ನಿಜ. 1905ರಲ್ಲಿ ಬೆಂಗಳೂರಿಗೆ ಮೊದಲು ವಿದ್ಯುದ್ದೀಪ ಬಂದದ್ದು ಈ ಮಾರ್ಕೆಟ್ ಆಸುಪಾಸಿಗೇ ಎನ್ನುತ್ತಾರೆ. ಇನ್ನೆರಡು ಬಲ್ಬು ಹೆಚ್ಚಿಗೆ ಹಾಕಿದ್ದರೆ ನನಗೂ ಉಪಕಾರವಾಗುತ್ತಿತ್ತು. ಬ್ಯಾಟರಿಯೂ ಒಂದು ಚಾರ್ಜಿಗೆ 200 ಚಿತ್ರದ ಲೆಕ್ಕದ್ದು. ಜಿಪುಣತನ ತಾನಾಗಿ ಬರುತ್ತದೆ, ಅದು ಒಳ್ಳೆಯದೇ.

ಸಣ್ಣ ಕ್ಯಾಮೆರಾದ ಆಸೆ ಹೊಸದೇನಲ್ಲ. 1925ರಲ್ಲಿ ಸಿನಿಮಾ ಫಿಲ್ಮನ್ನೇ ಬಳಸುವ ಲೈಕಾ ಮಾರುಕಟ್ಟೆಗೆ ಬಂದ ಮೇಲೆ ಛಾಯಾಗ್ರಾಹಕರು ಬೀದಿಯಲ್ಲಿ ಯಾರ ಕಣ್ಣಿಗೂ ಬೀಳದೆ ಓಡಾಡಲು ಕಲಿತರು. ಆದರೆ ಅವರು ಒಬ್ಬೊಬ್ಬರೇ ಹೋಗುತ್ತಿದ್ದರು. ನಾವೋ ದಂಡು. ಅಜ್ಜಿಯ ಮುಂದೆ ನಾನು ಕೂತದ್ದೇ ತಡ, ಅಲ್ಲೇನೋ ಇದೆಯೆಂದು ಉಳಿದವರೂ ಸುತ್ತುವರಿದರು. ಹಿಂದಿನಿಂದ ಮೂಟೆ ಹೊತ್ತವನು "ಸೈಡು, ಸೈಡು" ಎಂದು ಕೂಗಿದ. ಜೇಬಿನಲ್ಲಿ ಹಿಡಿಸುವ ಕ್ಯಾಮೆರಾಕ್ಕೆ ಓಣಿಯ ಅರ್ಧ ಜಾಗ ಬೇಕಾಯಿತು. ಅಜ್ಜಿಗೆ ಗಿರಾಕಿಗಳು ಕಾಣದಾದರು, ಗಿರಾಕಿಗಳಿಗೆ ಅಜ್ಜಿ.

ಮಾರ್ಕೆಟ್ಟಿಗೆ ಇಂಥ ಕ್ಯಾಮೆರಾವೇ ಸರಿ ಎಂಬುದು ನನ್ನ ತೀರ್ಪು, ಗುಂಪು ಮೂರು ಜನರನ್ನು ಮೀರದಿದ್ದರೆ. ನೀವೂ ಹೋಗುವುದಾದರೆ ಮೂಟೆಯವರಿಗೆ ಮೊದಲು ದಾರಿ ಬಿಡಿ. ಫೋಟೋ ತೆಗೆದ ಮೇಲೆ ಎರಡು ಮೊಳ ಹೂ ಕೊಳ್ಳಿ, ಚೌಕಾಸಿ ಮಾಡದೆ.