ಮರುಭೂಮಿಯಲ್ಲಿ ಏನನ್ನೂ ನೋಡದೆ ಬರುವ ಕ್ರಮ

ಜೈಸಲ್ಮೇರ್, ಬಾಡಮೇರ್ ಜಿಲ್ಲೆಗಳಲ್ಲಿ 3,162 ಚದರ ಕಿಲೋಮೀಟರ್ ಹಬ್ಬಿರುವ ಮರುಭೂಮಿ ರಾಷ್ಟ್ರೀಯ ಉದ್ಯಾನವನ್ನು ಏನೂ ನೋಡದೆ ದಾಟುವುದು ದೊಡ್ಡ ವಿದ್ಯೆಯೇನಲ್ಲ. ಸ್ವಲ್ಪ ಶಿಸ್ತು ಸಾಕು.

ಹೊರಡುವ ಮುಂಚೆಯೇ ತಲೆಯಲ್ಲಿ ಮರಳು ತುಂಬಿಕೊಳ್ಳಿ. ಉದ್ಯಾನದಲ್ಲಿ ಮರಳದಿಬ್ಬ ಇರುವುದು ಸುಮಾರು ಐದರಲ್ಲೊಂದು ಪಾಲು. ಮಿಕ್ಕಿದ್ದು ಕಲ್ಲುನೆಲ, ಗೊರಚು ಬಯಲು, ಉಪ್ಪುಗಟ್ಟಿದ ಕೆರೆಯಂಗಳ, ಹುಲ್ಲು. ಆ ಮಿಕ್ಕಿದ್ದರ ಗೊಡವೆ ಬೇಡ. ನೇರ ಸಮ್ ದಿಬ್ಬಗಳಿಗೆ ಹೋಗಿ ಜೀಪು ಹತ್ತಿ.

ದಾರಿಯಲ್ಲಿ ಅಲ್ಲೊಂದು ಇಲ್ಲೊಂದು ಒಂಟಿ ಮರ ಸಿಗುತ್ತದೆ. ಅಲ್ಲಿಯವರು ಖೇಜಡಿ ಅನ್ನುತ್ತಾರೆ. ನಮ್ಮ ಬನ್ನಿಯೇ. ವಿಜಯದಶಮಿಗೆ ಇದೇ ಎಲೆಯನ್ನು ಬಂಗಾರವೆಂದು ಹಂಚಿದವರು ನೀವು. ಆದರೂ ಗುರುತು ಹಿಡಿಯಬೇಡಿ. ಅದರ ಬೇರು ಎಷ್ಟು ಆಳಕ್ಕಿಳಿಯುತ್ತದೆ, ಅದರ ಬುಡದಲ್ಲಿ ಸಜ್ಜೆ ಯಾಕೆ ಚೆನ್ನಾಗಿ ಬರುತ್ತದೆ ಎಂದು ವಿಚಾರಿಸಬೇಡಿ. ಊಟಕ್ಕೆ ಅದರ ಕಾಯಿ ಹಾಕಿದ ಕೇರ್-ಸಾಂಗ್ರಿ ಬಂದರೆ "ಬೀನ್ಸಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಪನೀರ್ ತರಿಸಿ. 1730ರಲ್ಲಿ ಜೋಧಪುರದ ಹತ್ತಿರ ಖೇಜಡ್ಲಿಯಲ್ಲಿ ಈ ಮರಗಳನ್ನು ಕಡಿಯಗೊಡದೆ ತಬ್ಬಿಕೊಂಡು 363 ಬಿಷ್ಣೋಯಿಗಳು ತಲೆಕೊಟ್ಟರು ಎಂದು ಗೈಡ್ ಶುರುಮಾಡಿದರೆ, ಫೋನ್ ಚಾರ್ಜರ್ ಇದೆಯಾ ಎಂದು ಕೇಳಿ.

ಉಳಿದ ಗಿಡಗಳಿಗೆ ಒಂದೇ ಸೂತ್ರ: ಎಲೆ ಇಲ್ಲದಿದ್ದರೆ ಸತ್ತಿದೆ. ಕೇರ್, ಫೋಗ್ ನೀರುಳಿಸಲೆಂದು ಎಲೆಯ ಹಂಗು ಬಿಟ್ಟು ಹಸಿರು ಕಾಂಡದಲ್ಲೇ ಆಹಾರ ತಯಾರಿಸಿಕೊಳ್ಳುತ್ತವೆ ಅನ್ನುವವರೊಂದಿಗೆ ವಾದಕ್ಕಿಳಿಯಬೇಡಿ. ಫೋಗ್‌ನ ಬೇರು ಮರಳನ್ನು ಕಟ್ಟಿಹಾಕುತ್ತದೆ, ನಿಜ. ಆದರೆ ಕಿತ್ತು ಒಣಗಿಸಿದರೆ ಸೊಗಸಾಗಿ ಉರಿಯುತ್ತದೆ. ಕ್ಯಾಂಪ್‌ಫೈರ್‌ಗೆ ಅದನ್ನೇ ಕೇಳಿ. ಮುಂದೆ ಮರಳು ರಸ್ತೆಗೆ ನುಗ್ಗಿದರೆ ಗಾಳಿಯನ್ನು ಬೈಯಿರಿ. ರೋಹಿಡಾ ಕಿತ್ತಳೆ ಹೂ ಬಿಡುವುದು ಚಳಿ ಕಳೆದ ಮೇಲೆ. ನೀವು ಕ್ರಿಸ್‌ಮಸ್ ರಜೆಗೇ ಹೋಗಿಬನ್ನಿ.

ಇದು ಪ್ರವಾಸಿಗರ ಪಾಠ. ಕೈಯಲ್ಲಿ ಮೊಹರಿದ್ದವರು ಇಷ್ಟಕ್ಕೇ ತೃಪ್ತರಾಗಬಾರದು. ಸೇವಣ ಹುಲ್ಲಿನ ಬಯಲನ್ನು ಕಡತದಲ್ಲಿ "ಬಂಜರು" ಎಂದು ನಮೂದಿಸಿ. ಬಂಜರಾದ ಮೇಲೆ ಉದ್ಧಾರ ಮಾಡದೆ ವಿಧಿಯಿಲ್ಲ. ಬಳ್ಳಾರಿ ಜಾಲಿ ಉತ್ತಮ ಆಯ್ಕೆ: ನೀರು ಹಾಕೆನ್ನುವುದಿಲ್ಲ, ನೆರೆಹೊರೆಯನ್ನು ಬೆಳೆಯಗೊಡುವುದಿಲ್ಲ, ಉಪಗ್ರಹದ ಚಿತ್ರದಲ್ಲಿ ಹಸಿರಾಗಿ ಬರುತ್ತದೆ. ಬಯಲನ್ನೇ ನಂಬಿ ಬರಿನೆಲದಲ್ಲಿ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುವ ಎರೆಬೂತಕ್ಕೆ ಈ ಮುಳ್ಳುಪೊದೆ ಹಿಡಿಸದು, ಹಾರಿಹೋಗುತ್ತದೆ. ಹೋಗಲಿ. ಭಾರದ ಹಕ್ಕಿ, ಎದುರಿನದು ಸರಿಯಾಗಿ ಕಾಣದು, ಕೊನೇ ಗಳಿಗೆಯಲ್ಲಿ ತಿರುಗಲೂ ಬಾರದು. ಅದರ ದಾರಿಯಲ್ಲೇ ವಿದ್ಯುತ್ ತಂತಿ ಎಳೆದಿಡಿ. ತಂತಿಗಳನ್ನು ನೆಲದಡಿ ಹಾಕಿ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದಾಗ ಹೆದರಬೇಕಿರಲಿಲ್ಲ. 2024ರಲ್ಲಿ ಆ ಆದೇಶ ಸಡಿಲವಾಗಿ ಸಮಿತಿಯೊಂದು ಹುಟ್ಟಿತು. ಪರಿಶೀಲನೆಗೆಂದು ಯಾರಾದರೂ ಬಂದರೆ ಮಧ್ಯಾಹ್ನ ಎರಡು ಗಂಟೆಗೆ ಎ.ಸಿ. ಕಾರಿನಲ್ಲಿ ಕರೆದೊಯ್ದು, ಗಾಜು ಇಳಿಸದೆ, "ನೋಡಿ ಸಾರ್, ಎಲ್ಲಾ ಖಾಲಿ" ಅನ್ನಿ.