ಬಲತಿರುವಿನ ಮೀಮಾಂಸೆ: ತುಮಕೂರು, ಗುಬ್ಬಿ ಹಾಗೂ ಕುಣಿಗಲ್ ಪಂಥಗಳ ಒಂದು ತೌಲನಿಕ ಅಧ್ಯಯನ

1. ಪ್ರಸ್ತಾವನೆ

ಪ್ರಸ್ತುತ ಪ್ರಬಂಧದ ಭೌಗೋಳಿಕ ವ್ಯಾಪ್ತಿ ಕ್ಯಾತ್ಸಂದ್ರದಿಂದ ಹೊರಟು ಒಂದು ಕಡೆ ಗುಬ್ಬಿಯವರೆಗೆ, ಇನ್ನೊಂದು ಕಡೆ ಕುಣಿಗಲ್‌ವರೆಗೆ ಹರಡಿದೆ. ಕೆ.ಎ. 06 ಎಂಬ ನೋಂದಣಿಯನ್ನು ಹೊತ್ತ ಸಮುದಾಯದ 'ತಿರುಗುವಿಕೆಯ ಸಂಕಥನ'ವನ್ನು ಬಹುಶಿಸ್ತೀಯ ನೆಲೆಯಲ್ಲಿ, ದೇಸಿ ಪರಿಪ್ರೇಕ್ಷ್ಯದಲ್ಲಿ, ಅಂಚಿನವರ ಕಣ್ಣಿನಿಂದ (ರಸ್ತೆಯ ಎಡ ಅಂಚು ಎಂದು ಓದಿಕೊಳ್ಳುವುದು) ನಿರಚಿಸಿ ನೋಡುವುದು ಇದರ ಉದ್ದೇಶ. ರಸ್ತೆಗಿಳಿದ ಪ್ರಾಣಿ ಎಲ್ಲೋ ಒಂದು ಕಡೆ ಬಲಕ್ಕೆ ತಿರುಗಲೇಬೇಕು ಎಂಬುದು ಪೂರ್ವಪಕ್ಷ. ಅದರ ಮನೆ ಬಲಗಡೆ ಇರುವುದೇ ತಪ್ಪು ಎಂಬುದು ಹಿಂದಿರುವ ಬಸ್ಸಿನ ಸಿದ್ಧಾಂತ. ಇವೆರಡರ ವಾಗ್ವಾದ ಹಾರ್ನಿನ ಮೂಲಕ ನಡೆಯುತ್ತದೆ, ಮಧ್ಯಸ್ಥರಿಲ್ಲ.

ಈ ಭಾಷೆ ಲೇಖಕನಿಗೆ ಒಲಿದದ್ದು ರಸ್ತೆ ಸುರಕ್ಷತೆಯ ಜನವರಿ ಸಮಾರಂಭಗಳ ಹಿಂದಿನ ಸಾಲಿನಲ್ಲಿ. ದೀಪ ಬೆಳಗಿ, ಸಸಿಗೆ ನೀರೆರೆದು, ಶಾಲು ಹೊದಿಸಿದ ಮೇಲೆ 'ಸಂಪನ್ಮೂಲ ವ್ಯಕ್ತಿ'ಗಳು 'ಸುರಕ್ಷತೆಯ ಬಹುಮುಖಿ ಆಯಾಮಗಳು' ಎಂದು ಶುರು ಮಾಡುತ್ತಾರೆ. ಪರದೆಯ ಮೇಲೆ ಯಾವುದೋ ತಂಪು ದೇಶದ ರಸ್ತೆ ಮೂಡುತ್ತದೆ. ಅಲ್ಲಿ ಬಲಕ್ಕೋ ಎಡಕ್ಕೋ ತಿರುಗುವವನಿಗೆಂದೇ ಬೇರೆ ಪಥ, ಬೇರೆ ಬಾಣದ ಗುರುತು, ಬೇರೆ ದೀಪ. ಅದನ್ನು ತೋರಿಸಿ, "ನಮ್ಮ ಜನಕ್ಕೆ ಶಿಸ್ತಿಲ್ಲ" ಎಂದು ಹೇಳಿ, ಊಟಕ್ಕೆ ಎಬ್ಬಿಸುತ್ತಾರೆ.

2. ಶಾಸ್ತ್ರಾಧಾರ

ಮೂಲಗ್ರಂಥಗಳು ಮೂರು: 1988ರ ಮೋಟಾರು ವಾಹನ ಕಾಯ್ದೆ, ಅದರ ಬೆನ್ನಿಗೆ ಬಂದ 1989ರ ರಸ್ತೆ ನಿಯಮಗಳು, ಅವುಗಳ ಜಾಗದಲ್ಲಿ ಕೂತ 2017ರ ಚಾಲನಾ ನಿಯಮಗಳು. ಇವುಗಳಲ್ಲಿ ರಸಿಕರಿಗೆ ಪ್ರಿಯವಾದದ್ದು 1989ರ ಹಸ್ತಾಭಿನಯ ಪ್ರಕರಣ. ನಿಧಾನಿಸುವವನು ಬಲಗೈ ಹೊರಚಾಚಿ, ಅಂಗೈ ಕೆಳಗೆ ಮಾಡಿ, ಹಲವು ಸಲ ಮೇಲಕ್ಕೂ ಕೆಳಕ್ಕೂ ಆಡಿಸಬೇಕು. ಬಲಕ್ಕೆ ತಿರುಗುವವನು ಅದೇ ಕೈಯನ್ನು ಅಡ್ಡಕ್ಕೆ ಚಾಚಿ ಅಂಗೈಯನ್ನು ಮುಂದಕ್ಕೆ ತೋರಬೇಕು. ಎಡಕ್ಕೆ ತಿರುಗುವವನೂ ಬಲಗೈಯನ್ನೇ ಚಾಚಿ, ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುವಬೇಕು.

ವ್ಯಾಖ್ಯಾನ: ಬೈಕಿನವನ ಬಲಗೈಯಲ್ಲಿ ಎಕ್ಸಲೇಟರ್ ಇದೆ, ಮುಂದಿನ ಬ್ರೇಕೂ ಅಲ್ಲೇ ಇದೆ. ಆದಕಾರಣ "ನಾನು ಬ್ರೇಕ್ ಹಾಕುತ್ತಿದ್ದೇನೆ" ಎಂದು ಲೋಕಕ್ಕೆ ಸಾರಬೇಕಾದರೆ ಅವನು ಮೊದಲು ಬ್ರೇಕ್ ಬಿಡಬೇಕು. ಆಲಂಕಾರಿಕರು ಇದನ್ನು ವಿರೋಧಾಭಾಸ ಎಂದರು. ಆಸ್ಪತ್ರೆಯಲ್ಲಿ ಬೇರೆ ಹೆಸರಿದೆ. ಕೈ ಬದಲು ದೀಪವೂ ಆದೀತು ಎಂದು ಕಾಯ್ದೆಯ 121ನೇ ಕಲಮು ಕರುಣೆ ತೋರಿದೆಯಾದ್ದರಿಂದ ಈ ಜಿಲ್ಲೆಯಲ್ಲಿ ಇನ್ನೂ ಜನಸಂಖ್ಯೆ ಉಳಿದಿದೆ.

ಉಪಶಾಖೆ: 1914ರ ಸುಮಾರಿಗೆ ಅಮೆರಿಕದ ಮೂಕಿ ಚಿತ್ರಗಳ ನಟಿ ಫ್ಲಾರೆನ್ಸ್ ಲಾರೆನ್ಸ್, ಗುಂಡಿ ಒತ್ತಿದರೆ ಕಾರಿನ ಹಿಂಬದಿಯಲ್ಲಿ ಮೇಲೇಳುವ ಕೈಯೊಂದನ್ನು ಕಲ್ಪಿಸಿದಳು, ಪೇಟೆಂಟ್ ಮಾತ್ರ ಮಾಡಿಸಲಿಲ್ಲ. ಸಂಜ್ಞೆ ಎಂಬುದು ಮೂಲತಃ ರಂಗಕಲೆ ಎನ್ನಲು ಇಷ್ಟು ಸಾಕು. ಗುಬ್ಬಿಯ ನಾಟಕ ಕಂಪನಿ ಹುಟ್ಟಿದ್ದು 1884ರಲ್ಲಿ. ಎಂದರೆ ಇಂಡಿಕೇಟರ್ ಕೂಡ ನಮ್ಮದೇ ಎಂದು ಮುಂದಿನ ಸಂಕಿರಣದಲ್ಲಿ ಯಾರಾದರೂ ಮಂಡಿಸಿಯೇ ಮಂಡಿಸುತ್ತಾರೆ. ಆ ಸುಖವನ್ನು ಅವರಿಗೇ ಬಿಟ್ಟಿದ್ದೇನೆ.

3. ಸಂಜ್ಞಾಭೇದ ನಿರೂಪಣೆ

ಸಂಜ್ಞೆಗಳು ಒಂಬತ್ತು ಬಗೆ.

(ಅ) ನಿತ್ಯಸಂಜ್ಞೆ: ಬಟವಾಡಿಯಲ್ಲಿ ಹಾಕಿದ ಬಲ ಇಂಡಿಕೇಟರ್ ಗುಬ್ಬಿ ದಾಟಿದರೂ ಮಿನುಗುತ್ತಿರುತ್ತದೆ. ಸವಾರನು ತತ್ತ್ವತಃ ಸದಾ ತಿರುಗುವವನು. ವ್ಯವಹಾರದಲ್ಲಿ ನೇರ ಹೋಗುವವನು.

(ಆ) ಪಶ್ಚಾತ್‌ಸಂಜ್ಞೆ: ತಿರುಗಿ ಆದ ಮೇಲೆ ಹಾಕುವುದು. ಇತಿಹಾಸಕಾರರ ಮಾರ್ಗ.

(ಇ) ಪಾದಸಂಜ್ಞೆ: ಆಟೋದಿಂದ ಹೊರಬಂದ ಒಂದು ಕಾಲು. ಕಾಲು ಹೊರಗೆ ಬಂತೆಂದರೆ ಆಟೋ ತಿರುಗಬಹುದು, ನಿಲ್ಲಬಹುದು, ಸೆಕೆಗೆ ಕಾಲು ಹೊರಗಿಟ್ಟಿರಬಹುದು.

(ಈ) ಸರ್ವಸಂಜ್ಞೆ: ಸರ್ಕಲ್ಲಿನಲ್ಲಿ ನಾಲ್ಕೂ ದೀಪ ಮಿನುಗಿಸಿ "ನಾನು ನೇರ ಹೋಗುವವನು" ಎನ್ನುವುದು. ಕೆಟ್ಟು ನಿಂತ ಗಾಡಿಗೆಂದು ಇಟ್ಟ ದೀಪ ಇದು. ಎಡದಿಂದ ಬರುವವನಿಗೆ ಎಡದೀಪವಷ್ಟೇ ಕಾಣುತ್ತದೆ, ಬಲದಿಂದ ಬರುವವನಿಗೆ ಬಲದೀಪ. ಇಬ್ಬರೂ ದಾರಿ ಸಿಕ್ಕಿತೆಂದು ಒಟ್ಟಿಗೆ ನುಗ್ಗುತ್ತಾರೆ.

(ಉ) ಶ್ಲೇಷಸಂಜ್ಞೆ: ಮುಂದಿನ ಲಾರಿ ಬಲ ಇಂಡಿಕೇಟರ್ ಹಾಕಿದರೆ "ನಾನು ಬಲಕ್ಕೆ ಹೋಗುತ್ತೇನೆ" ಎಂದೋ, "ನೀನು ಬಲದಿಂದ ಹೋಗು" ಎಂದೋ. ಸರಿಯಾದ ಅರ್ಥವನ್ನು ಬದುಕಿದವರು ಹೇಳುತ್ತಾರೆ.

ಉಳಿದ ನಾಲ್ಕು ಬಗೆ ಇವುಗಳ ಮಿಶ್ರಣವೇ. ಬರೆಯಲು ಬೇಸರ.

4. ಹಾರ್ನ್ ಪ್ರಕರಣ

ಪೂರ್ವಸೂರಿಗಳು ಹಾರ್ನನ್ನು ಸಪ್ತಸ್ವರಗಳಿಗೆ ಹೊಂದಿಸಿ ಏಳಾಗಿ ವಿಂಗಡಿಸಲು ಯತ್ನಿಸಬಹುದಿತ್ತು. ನನ್ನ ಕಿವಿಗೆ ಬಿದ್ದದ್ದು ಒಂದೇ: ಸರಿ. ಅಂದರೆ, ಪಕ್ಕಕ್ಕೆ ಸರಿ. ದೀಪ ಕೆಂಪಿದ್ದರೂ ಸರಿ, ಮುಂದೆ ಶಾಲೆ ಮಕ್ಕಳು ರಸ್ತೆ ದಾಟುತ್ತಿದ್ದರೂ ಸರಿ. ಅಗತ್ಯವಿಲ್ಲದೆ ಅಥವಾ ಎಡೆಬಿಡದೆ ಹಾರ್ನ್ ಹೊಡೆದವರಿಗೆ ಮೊದಲ ಸಲ 1,000, ಮತ್ತೆ ಹೊಡೆದರೆ 2,000 ರೂಪಾಯಿ ದಂಡವೆಂದು 2019ರ ತಿದ್ದುಪಡಿಯಲ್ಲಿ 194-ಎಫ್ ಎಂಬ ಕಲಮು ಸೇರಿದೆ. ಟೌನ್‌ಹಾಲ್ ಸರ್ಕಲ್ಲಿನಲ್ಲಿ ಒಂದು ಸಂಜೆ ನಿಂತು ಇದನ್ನು ವಸೂಲಿ ಮಾಡಿದರೆ ಸ್ಮಾರ್ಟ್ ಸಿಟಿಗೆ ಬೇರೆ ಅನುದಾನ ಬೇಕಿಲ್ಲ.

5. ಪಂಥಗಳು

ತುಮಕೂರು ಪಂಥ: ಇದರ ಪೀಠ ಬಿ.ಎಚ್. ರಸ್ತೆ. ಹೆಸರಿನಲ್ಲಿ ಬೆಂಗಳೂರೂ ಹೊನ್ನಾವರವೂ ಇರುವುದರಿಂದ ಇಲ್ಲಿ ಸಾಗುವವರಿಗೆಲ್ಲ ಇವತ್ತೇ ಹೊನ್ನಾವರ ಮುಟ್ಟುವ ಅವಸರ. ನಡುವೆ ತರಕಾರಿ ಕೊಂಡು ಬಲಗಡೆ ಓಣಿಗೆ ತಿರುಗುವವನು ಈ ಪಂಥದಲ್ಲಿ ಪಾಷಂಡಿ.

ಗುಬ್ಬಿ ಪಂಥ: ಗುಬ್ಬಿ ವೀರಣ್ಣನವರು ಕುರುಕ್ಷೇತ್ರ ನಾಟಕದಲ್ಲಿ ರಂಗದ ಮೇಲೆ ನಿಜವಾದ ಆನೆ ಕುದುರೆಗಳನ್ನೇ ತಂದಿದ್ದರು. ಅವು ಒಂದಕ್ಕೊಂದು ಗುದ್ದದೆ ತಿರುಗಿ ಒಳಗೆ ಹೋಗುತ್ತಿದ್ದವು ಎಂಬುದನ್ನು ಇಲ್ಲಿನ ಖಾಸಗಿ ಬಸ್ ಚಾಲಕರ ಗಮನಕ್ಕೆ ತರಲಾಗಿದೆ. 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆಯೂ ಇದೇ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿದೆ. ಹಿಂದಿನವನಿಂದ ಬೈಸಿಕೊಳ್ಳದೆ ತಿರುಗಬಲ್ಲ ವಾಹನ ಅದೊಂದೇ ಎಂದು ಗುಬ್ಬಿಯ ನೆಲ ಅರಿತಂತಿದೆ.

ಕುಣಿಗಲ್ ಪಂಥ: ಇಲ್ಲಿ ಬೆಂಗಳೂರು-ಮಂಗಳೂರು ಹೆದ್ದಾರಿಯ ಪ್ರಭಾವ ದಟ್ಟ. ಕುದುರೆ ಫಾರಂನ ಊರಾದ್ದರಿಂದ ವೇಗದ ಆರಾಧನೆ ಸಹಜ. ಶನಿವಾರ ಬೆಳಗ್ಗೆ ಸಕಲೇಶಪುರದ ಮಂಜು ನೋಡಲು ಹೊರಟ ಕಾರುಗಳು ಹಾರ್ನನ್ನೂ ಕೀಳೆಂದು ಬಗೆದು ಡಿಪ್ಪರ್ ಹೊಡೆಯುತ್ತವೆ. ಈ ಪಂಥದ ಲಕ್ಷಣಗಳು ಐದು. ಮೊದಲನೆಯದು—

ಬೇಡ. ಇಲ್ಲಿಗೆ ಸಾಕು.

ಆ ಹೆದ್ದಾರಿಯ ಮೀಡಿಯನ್ ಓಪನಿಂಗ್‌ನಲ್ಲಿ ಯಾರು ತಿರುಗುತ್ತಾರೆ ಗೊತ್ತೆ? ಡೇರಿಗೆ ಹಾಲು ಹಾಕಿ ಖಾಲಿ ಕ್ಯಾನ್ ಕಟ್ಟಿಕೊಂಡು ಟಿವಿಎಸ್‌ನಲ್ಲಿ ಬರುವ ಯಜಮಾನರು. ಹೊಲ ರಸ್ತೆಯ ಆ ಕಡೆ, ಮನೆ ಈ ಕಡೆ. ರಸ್ತೆ ಆಮೇಲೆ ಬಂದದ್ದು. ಅವರು ಬಲಪಥದಲ್ಲಿ ನಿಧಾನಿಸಿದರೆ, "ಏನ್ಲಾ, ರೋಡು ನಿಮ್ಮಪ್ಪಂದಾ?" ಎಂದು ಅವರ ಮಗನ ವಯಸ್ಸಿನವನು ಕಿಟಕಿಯಿಂದ ಕೂಗುತ್ತಾನೆ. "ತಿರುಗ್ಬೇಕು ಕಣಪ್ಪ, ಇಂಡಿಕೇಟರ್ ಹಾಕಿವ್ನಲ್ಲ" ಎಂದು ಅವರು ಹೇಳುವಷ್ಟರಲ್ಲಿ ಕಾರು ಎಡಕ್ಕೆ ಸೀಳಿ ಹೋಗಿರುತ್ತದೆ. ಹೆದರಿ ಮುಂದಿನ ಓಪನಿಂಗ್‌ವರೆಗೆ ಹೋದರೆ ಕಿಲೋಮೀಟರುಗಟ್ಟಲೆ ಸುತ್ತು. ಪೆಟ್ರೋಲು ಉಳಿಸಲು ರಾಂಗ್ ಸೈಡಿನಲ್ಲಿ ಬಂದರೆ "ಶಿಸ್ತಿಲ್ಲದ ಜನ" ಎಂದು ಜನವರಿಯ ಭಾಷಣಕ್ಕೆ ಉದಾಹರಣೆಯಾಗುತ್ತಾರೆ. ರಸ್ತೆಯ ನಕ್ಷೆ ಬರೆದವರು ಆ ಹೊಲಕ್ಕೂ ಮನೆಗೂ ನಡುವೆ ಗೆರೆ ಎಳೆಯುವಾಗ ಆ ಯಜಮಾನರು ದಿನಕ್ಕೆ ಎರಡು ಸಲ ಅದನ್ನು ದಾಟಬೇಕೆಂದು ಯೋಚಿಸಲಿಲ್ಲವೇ?

2022ರಲ್ಲಿ ಈ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರದವರು. ಆ ವರ್ಷದ ಅಪಘಾತಗಳನ್ನು ಕೇಂದ್ರ ಸಾರಿಗೆ ಸಚಿವಾಲಯ ಡಿಕ್ಕಿಯ ಬಗೆ ಹಿಡಿದು ಬೇರ್ಪಡಿಸಿದಾಗ ಮೊದಲ ಸ್ಥಾನಕ್ಕೆ ಬಂದದ್ದು ಹಿಂದಿನಿಂದ ಗುದ್ದಿದ್ದು. ಐದರಲ್ಲಿ ಒಂದಕ್ಕಿಂತ ಹೆಚ್ಚು. ಇದಕ್ಕೆ ಮೀಮಾಂಸೆ ಬೇಕಿಲ್ಲ. ಗಂಟೆಗೆ 60 ಕಿ.ಮೀ. ವೇಗದ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಐದು ಮೀಟರ್ ಹಿಂದೆ ಅಂಟಿಕೊಂಡು ಬರುವವನ ಕಾಲು ಬ್ರೇಕ್ ಮುಟ್ಟುವ ಮೊದಲೇ ಎಲ್ಲ ಮುಗಿದಿರುತ್ತದೆ.

6. ಉಪಸಂಹಾರ, ಪರಿಭಾಷೆಯಿಲ್ಲದೆ

ತಿರುಗುವವರಿಗೆ: ಕನ್ನಡಿಯನ್ನು ಒಳಕ್ಕೆ ಮಡಚಬೇಡಿ, ಅದು ತಲೆ ಬಾಚಲು ಇಟ್ಟದ್ದಲ್ಲ. ತಿರುವಿಗೆ ಬಹಳ ಮೊದಲೇ ಇಂಡಿಕೇಟರ್ ಹಾಕಿ, ತಿರುಗಿದ ಮೇಲೆ ಆರಿಸಿ. ಬರೀ ಗೇರ್ ಇಳಿಸಿ ನಿಧಾನಿಸಿದರೆ ಹಿಂದಿನ ಕೆಂಪು ದೀಪ ಹತ್ತುವುದಿಲ್ಲ. ಬ್ರೇಕನ್ನು ಹಗುರಾಗಿ ಎರಡು ಮೂರು ಸಲ ಒತ್ತಿ ಬಿಡಿ, ಹಿಂದಿನವನ ಕಣ್ಣಿಗೆ ಬೀಳಲಿ. ಅವನು ನಿಧಾನಿಸುವ ಹಾಗೆ ಕಾಣದಿದ್ದರೆ ಎಡಕ್ಕೆ ಇಳಿದು ನಿಂತು, ರಸ್ತೆ ಖಾಲಿಯಾದ ಮೇಲೆ ದಾಟಿ. ಅವಮಾನವೇನಿಲ್ಲ.

ಹಿಂದಿರುವವರಿಗೆ: ಮುಂದಿನ ಗಾಡಿಯ ಕೆಂಪು ದೀಪ ಹತ್ತಿದರೆ ಮೊದಲು ಕಾಲು ಬ್ರೇಕಿಗೆ ಹೋಗಲಿ, ಕೈ ಹಾರ್ನಿಗೆ ಬೇಡ. ಒಬ್ಬರು ತಿರುಗಿ ಮನೆಗೆ ಹೋಗುವುದಕ್ಕೆ ಕೆಲವು ಸೆಕೆಂಡು ಸಾಕು. ಸಕಲೇಶಪುರದ ಮಂಜು ಅಷ್ಟರಲ್ಲಿ ಕರಗುವುದಿಲ್ಲ.

ರಸ್ತೆ ಮಾಡುವವರಿಗೆ: ಮೀಡಿಯನ್ ಒಡೆದಲ್ಲೆಲ್ಲ ತಿರುಗುವವರು ನಿಂತು ಕಾಯಲು ಒಂದು ಪಥದಷ್ಟು ಜಾಗ ಬಿಡಿ, ರಾತ್ರಿ ಅಲ್ಲಿ ಒಂದು ದೀಪ ಉರಿಯಲಿ, ಹಾಲಿನ ಡೇರಿಯ ಎದುರಿಗಾದರೂ. ಇಷ್ಟು ಮಾಡಿದ ಮೇಲೆ ಜನವರಿಯಲ್ಲಿ ಧಾರಾಳವಾಗಿ ಸಮಾರಂಭ ಮಾಡಿ. ಕುರ್ಚಿ ಹಾಕಲು ನಾವೂ ಬರುತ್ತೇವೆ, ಶಿಸ್ತಿನ ಬಗ್ಗೆ ಎಷ್ಟು ಹೊತ್ತು ಮಾತಾಡಿದರೂ ಕೇಳಿಸಿಕೊಳ್ಳುತ್ತೇವೆ.